ಹಳೇ ಫ್ರಿಜ್ ಬದಲಿಸುವ ಮೊದಲು ಅದರ ಬೆನ್ನು ನೋಡಿ

ಫ್ರಿಜ್ ಕೈಕೊಟ್ಟ ದಿನ ಮನೆಗೆ ಮೂರು ಕಡೆಯಿಂದ ಸಲಹೆ ಬರುತ್ತದೆ. ಮೆಕ್ಯಾನಿಕ್ ಬಂದು 'ಕಂಪ್ರೆಸರ್ ಹೋಗಿದೆ ಸಾರ್' ಅಂತಾರೆ. ಅಂಗಡಿಯವರು 'ಎಕ್ಸ್‌ಚೇಂಜ್ ಆಫರ್ ಭಾನುವಾರದವರೆಗೆ ಮಾತ್ರ' ಅಂತಾರೆ. ನೆಂಟರು 'ಆ ಕಂಪನೀದು ಬೇಡ, ಚೀನಾದ್ದು. ಇದು ತಗೊಳ್ಳಿ, ನಮ್ಮ ದೇಶದ್ದು' ಅಂತಾರೆ. ಮೂವರ ಮಾತೂ ನಿಜ ಇರಬಹುದು, ಸುಳ್ಳೂ ಇರಬಹುದು. ಆದರೆ ಮೂರನ್ನೂ ನೀವೇ ಪರೀಕ್ಷೆ ಮಾಡಬಹುದು. ಅದಕ್ಕೆ ಬೇಕಾದ ಮಾಹಿತಿ ಹೆಚ್ಚಿನಂಶ ಫ್ರಿಜ್ಜಿನ ಹಿಂಬದಿಯ ಪ್ಲೇಟಿನಲ್ಲಿ, ಕರೆಂಟ್ ಮೀಟರಿನಲ್ಲಿ ಮತ್ತು ಹೊಸ ಫ್ರಿಜ್ಜಿನ ಡಬ್ಬದ ಮೇಲೆ ಬರೆದೇ ಇರುತ್ತದೆ.

ಯಾವ ದೇಶದಲ್ಲಿ ತಯಾರಾಯಿತು ಅನ್ನುವ ಪ್ರಶ್ನೆ ಮುಖ್ಯವೇ. ಅಭಿಮಾನದ ಮಾತು ಪಕ್ಕಕ್ಕಿರಲಿ, ಎಂಟು ವರ್ಷದ ನಂತರ ನಿಮ್ಮೂರಲ್ಲಿ ಅದರ ಬಿಡಿಭಾಗ ಸಿಗುತ್ತದೋ ಇಲ್ಲವೋ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇದೆ. ಅದಕ್ಕೆ ಆಮೇಲೆ ಬರೋಣ. ಮೊದಲು ಹಳೇ ಫ್ರಿಜ್.

ನಿಜವಾಗಿ ಕೆಟ್ಟಿದೆಯಾ?

ತಣ್ಣಗಾಗುತ್ತಿಲ್ಲ ಅಂದ ತಕ್ಷಣ ಗ್ಯಾಸ್ ಅಥವಾ ಆ ಗ್ಯಾಸನ್ನು ಕೊಳವೆಗಳಲ್ಲಿ ಓಡಿಸುವ ಕಂಪ್ರೆಸರ್ ಅಂತ ತೀರ್ಮಾನ ಮಾಡಬೇಡಿ. ಕಡಿಮೆ ಖರ್ಚಿನ ಕಾರಣಗಳನ್ನು ಮೊದಲು ನೋಡಿ.

ಬಾಗಿಲಿನ ರಬ್ಬರ್‌ನಿಂದ ಶುರುಮಾಡಿ. ಹತ್ತು ರೂಪಾಯಿ ನೋಟನ್ನು ಬಾಗಿಲ ಸಂದಿಯಲ್ಲಿಟ್ಟು ಮುಚ್ಚಿ, ಮೆಲ್ಲಗೆ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸರಕ್ಕನೆ ಜಾರಿ ಬಂದರೆ ಅಲ್ಲಿ ಗಾಳಿ ಸೋರುತ್ತಿದೆ. ಸುತ್ತಲೂ ಏಳೆಂಟು ಕಡೆ ಹೀಗೆ ನೋಡಿ. ಹಿಡಿಕೆಯ ಬದಿ ಮತ್ತು ಕೆಳಗಿನ ಮೂಲೆ ಸಾಮಾನ್ಯವಾಗಿ ಮೊದಲು ಸಡಿಲವಾಗುತ್ತವೆ. ಹೊಸ ರಬ್ಬರ್ ತರಿಸುವ ಮೊದಲು ಹಳೆಯದನ್ನು ಸೋಪಿನ ನೀರಿನಲ್ಲಿ ಒರೆಸಿ. ಮಡಿಕೆಯೊಳಗೆ ಕೂತ ಹಾಲಿನ ಕಲೆ, ಹಿಟ್ಟಿನ ಅಂಟು ಹೋದ ಮೇಲೆ ಎಷ್ಟೋ ಸಲ ಅದೇ ರಬ್ಬರ್ ಸರಿಯಾಗಿ ಹಿಡಿಯುತ್ತದೆ. ಸೊಟ್ಟಗಾಗಿದ್ದರೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಒತ್ತಿ ನೆಟ್ಟಗೆ ಮಾಡಬಹುದು.

ಎರಡನೆಯದು, ಹಿಂದಿನ ಕಪ್ಪು ಕೊಳವೆಗಳ ಜಾಲರಿ. ಹಳೇ ಫ್ರಿಜ್‌ಗಳಲ್ಲಿ ಇದು ಹೊರಗೇ ಕಾಣುತ್ತದೆ. ಪ್ಲಗ್ ತೆಗೆದು ಧೂಳು, ಜೇಡರ ಬಲೆ ಗುಡಿಸಿ. ಒಳಗಿನ ಬಿಸಿ ಹೊರಗೆ ಹೋಗುವುದು ಇಲ್ಲಿಂದಲೇ. ಇದು ಮುಚ್ಚಿಹೋದರೆ ಕಂಪ್ರೆಸರ್ ನಿಲ್ಲದೆ ಓಡುತ್ತದೆ.

ಮೂರನೆಯದು, ಬಾಗಿಲು ಮುಚ್ಚಿದಾಗ ಒಳಗಿನ ದೀಪ ಆರುತ್ತದೆಯೇ? ಬಾಗಿಲ ಪಕ್ಕದ ಗುಂಡಿಯನ್ನು ಬೆರಳಿನಿಂದ ಒತ್ತಿದರೆ ಗೊತ್ತಾಗುತ್ತದೆ. ಹಳೇ ಕಾಲದ ಬಲ್ಬ್ ಹಗಲೂ ರಾತ್ರಿ ಒಳಗೇ ಉರಿಯುತ್ತಿದ್ದರೆ ಫ್ರಿಜ್ ಪಾಪ ಏನು ಮಾಡೀತು?

ಎರಡು ಬಾಗಿಲಿನ, ತಾನೇ ಐಸ್ ಕರಗಿಸಿಕೊಳ್ಳುವ ಫ್ರಾಸ್ಟ್ ಫ್ರೀ ಆದರೆ ಇನ್ನೊಂದು ಸುಳಿವು ಇದೆ. ಮೇಲಿನ ಫ್ರೀಜರ್ ತಣ್ಣಗಿದ್ದು ಕೆಳಗೆ ಮಾತ್ರ ಹಾಲು ಒಡೆಯುತ್ತಿದ್ದರೆ, ಹೆಚ್ಚಿನ ಸಲ ಗ್ಯಾಸ್ ಸರಿಯಾಗೇ ಇದೆ ಎಂದರ್ಥ. ಒಳಗಿನ ಫ್ಯಾನ್ ನಿಂತಿರಬಹುದು. ಅಥವಾ ಐಸ್ ಕರಗಿಸುವ ಹೀಟರ್, ಸೆನ್ಸರ್ ಹೋಗಿ, ಗಾಳಿ ಬರುವ ದಾರಿಗೆ ಐಸ್ ಕಟ್ಟಿಕೊಂಡಿರಬಹುದು. ಒಂದು ದಿನ ಪೂರ್ತಿ ಆಫ್ ಮಾಡಿ, ಬಾಗಿಲು ತೆರೆದಿಟ್ಟು, ಮತ್ತೆ ಹಾಕಿ ನೋಡಿ. ನಾಲ್ಕೈದು ದಿನ ಚೆನ್ನಾಗಿ ನಡೆದು ಮತ್ತೆ ಅದೇ ಕಥೆ ಆದರೆ ತೊಂದರೆ ಅಲ್ಲೇ. ಇದಕ್ಕೆ ಫ್ರಿಜ್ ಬದಲಿಸಬೇಕಿಲ್ಲ.

ಕಂಪ್ರೆಸರ್ 'ಗುಂಯ್' ಅಂದು ಕೆಲವು ಸೆಕೆಂಡ್ ಬಿಟ್ಟು 'ಟಿಕ್' ಅಂತ ನಿಲ್ಲುತ್ತಿದ್ದರೆ ಅದಕ್ಕೆ ಹೊರಗಿನಿಂದ ಸಿಕ್ಕಿಸಿರುವ ರಿಲೇಯನ್ನು ಮೊದಲು ಬದಲಿಸಿ ನೋಡಲು ಹೇಳಿ. ಅದು ಕಂಪ್ರೆಸರನ್ನು ಚಾಲೂ ಮಾಡುವ ಪುಟ್ಟ ಭಾಗ. ಕಂಪ್ರೆಸರ್ ಹೋಗಿದೆ ಅನ್ನುವ ಮಾತನ್ನು ಆಮೇಲೆ ಒಪ್ಪಿದರಾಯಿತು.

ನಿಜವಾದ ದೊಡ್ಡ ಕಾಯಿಲೆಗಳು ಎರಡೇ. ಕಂಪ್ರೆಸರ್ ಸುಟ್ಟಿರುವುದು ಒಂದು. ಫ್ರೀಜರಿನ ಗೋಡೆಯೊಳಗಿನ ಕೊಳವೆ ತೂತಾಗಿರುವುದು ಇನ್ನೊಂದು. ಎರಡನೆಯದು ಹೆಚ್ಚಾಗಿ ಅಡುಗೆಮನೆಯ ಚಾಕುವಿನ ಕೆಲಸ. ಹಾಲಿನ ಪ್ಯಾಕೆಟ್ ಐಸಿಗೆ ಅಂಟಿಕೊಂಡಿತು ಅಂತ ಚಾಕು ಹಾಕಿ ಮೀಟಿದರೆ ಮುಗಿಯಿತು. ಅಲ್ಯೂಮಿನಿಯಂ ತೆಳು ಇರುತ್ತದೆ. ಅಂಟು ಹಚ್ಚಿ ಗ್ಯಾಸ್ ತುಂಬಿದರೂ ಆ ರಿಪೇರಿ ಎಷ್ಟು ದಿನ ನಿಂತೀತು ಎಂದು ಹೇಳಲಾಗದು. ಹತ್ತು ವರ್ಷ ದಾಟಿದ ಫ್ರಿಜ್ಜಿಗೆ ಈ ಎರಡರಲ್ಲಿ ಒಂದು ಬಂದಿದ್ದರೆ ನಾನಂತೂ ಬದಲಿಸಿ ಅಂತಲೇ ಹೇಳುತ್ತೇನೆ. ಉಳಿದ ಯಾವುದೇ ರಿಪೇರಿ, ಹೊಸದರ ಬೆಲೆಯ ಮೂರನೇ ಒಂದು ಭಾಗದೊಳಗೆ ಮುಗಿಯುವುದಾದರೆ, ಮಾಡಿಸಿ.

ಮೀಟರ್ ಏನು ಹೇಳುತ್ತದೆ

'ಹಳೇ ಫ್ರಿಜ್ ಕರೆಂಟ್ ತಿನ್ನುತ್ತೆ' ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ತಿನ್ನುತ್ತೆ ಅಂತ ಅಳೆದವರು ಕಡಿಮೆ. ಅಳೆಯುವುದು ಕಷ್ಟವೇನಲ್ಲ. ಎರಡು ದಿನ ಊರಿಗೆ ಹೋಗುವಾಗ ಮನೆಯ ಎಲ್ಲ ಸ್ವಿಚ್ ಆರಿಸಿ. ಗೀಸರ್, ವೈಫೈ, ಯುಪಿಎಸ್, ಟಿವಿಯ ಕೆಂಪು ದೀಪ ಯಾವುದೂ ಇರಬಾರದು. ಫ್ರಿಜ್ ಒಂದೇ ಓಡಲಿ. ಹೊರಡುವಾಗ ಮೀಟರಿನ ಫೋಟೋ ತೆಗೆಯಿರಿ, ಬಂದ ಮೇಲೆ ಇನ್ನೊಂದು. ವ್ಯತ್ಯಾಸವನ್ನು ದಿನಕ್ಕೆ ಹಂಚಿದರೆ ಲೆಕ್ಕ ಸಿಕ್ಕಿತು. ಬಾಗಿಲು ತೆರೆಯದೆ ಇದ್ದಾಗಿನ ಲೆಕ್ಕ ಆದ್ದರಿಂದ ಸ್ವಲ್ಪ ಸೇರಿಸಿಕೊಳ್ಳಿ. ಪ್ಲಗ್ಗಿಗೆ ಸಿಕ್ಕಿಸುವ ಚಿಕ್ಕ ಮೀಟರ್‌ಗಳೂ ಆನ್‌ಲೈನ್‌ನಲ್ಲಿ ಸಿಗುತ್ತವೆ.

ಈಗ ಒಂದು ಉದಾಹರಣೆ ಹಾಕೋಣ. ಹಳೆಯದು ದಿನಕ್ಕೆ 1.8 ಯೂನಿಟ್ ಎಳೆಯುತ್ತಿದೆ, ಹೊಸದು 0.6 ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 36 ಯೂನಿಟ್ ಉಳಿತಾಯ. ಯೂನಿಟ್‌ಗೆ 6 ರೂಪಾಯಿಯಂತೆ 216 ರೂಪಾಯಿ, ವರ್ಷಕ್ಕೆ ಸುಮಾರು 2,600. ಹೊಸ ಫ್ರಿಜ್‌ಗೆ 25,000 ಕೊಟ್ಟರೆ ಕರೆಂಟ್ ಉಳಿತಾಯದಿಂದಲೇ ಆ ದುಡ್ಡು ಹುಟ್ಟಲು ಒಂಬತ್ತು ಹತ್ತು ವರ್ಷ ಬೇಕು. ಅಂದರೆ ಚೆನ್ನಾಗಿ ಓಡುತ್ತಿರುವ ಫ್ರಿಜ್ಜನ್ನು ಬರೀ ಕರೆಂಟ್ ಉಳಿಸಲು ಬದಲಿಸಿ ಅನ್ನುವ ಅಂಗಡಿಯ ಮಾತು ಲೆಕ್ಕಕ್ಕೆ ನಿಲ್ಲುವುದು ಕಷ್ಟ.

ಕರ್ನಾಟಕದಲ್ಲಿ ಇದಕ್ಕೊಂದು ಬಾಲ ಇದೆ, ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ನೀವೇ ಕಟ್ಟಬೇಕು. ಅದರೊಳಗೂ ನಿಮ್ಮ ಮನೆಗೆ ಅಂತ ಒಂದು ಮಿತಿ ಇದೆ. ಅದು ಹಿಂದಿನ ಬಳಕೆಯ ಸರಾಸರಿಯ ಮೇಲೆ ಲೆಕ್ಕ ಹಾಕಿದ್ದು, ಮಿತಿ ದಾಟಿದಷ್ಟಕ್ಕೆ ದುಡ್ಡು ಕಟ್ಟಬೇಕು. ಹಾಗಾಗಿ ಬೇಸಿಗೆಯಲ್ಲಿ 210, 215 ಅಂತ ಬರುವ ಮನೆಯವರಿಗೆ ಆ 36 ಯೂನಿಟ್ ದೊಡ್ಡ ವ್ಯತ್ಯಾಸ ಮಾಡುತ್ತದೆ. ತಿಂಗಳಿಗೆ ಸಾವಿರಕ್ಕೂ ಜಾಸ್ತಿ ಕಟ್ಟುತ್ತಿದ್ದವರು 200ರ ಒಳಗೆ ಬರುತ್ತಾರೆ. ಇನ್ನು ಬಿಲ್ ಈಗಾಗಲೇ ಸೊನ್ನೆ ಬರುತ್ತಿದ್ದರೆ ಹೊಸ ಫ್ರಿಜ್ಜಿನಿಂದ ಜೇಬಿಗೆ ಉಳಿಯುವುದೂ ಸೊನ್ನೆಯೇ. ಹಳೇ ಬಿಲ್ಲುಗಳನ್ನು ತೆಗೆದು ನೋಡಿ, ಆಮೇಲೆ ನಿರ್ಧರಿಸಿ.

ಬೆನ್ನಿನ ಮೇಲಿನ ಪ್ಲೇಟ್

ಫ್ರಿಜ್ಜನ್ನು ಸ್ವಲ್ಪ ಮುಂದಕ್ಕೆ ಎಳೆದು ಹಿಂದೆ ಟಾರ್ಚ್ ಹಾಕಿ. ಕಂಪ್ರೆಸರ್ ಹತ್ತಿರ ಅಥವಾ ಒಳಗೆ ತರಕಾರಿ ಡಬ್ಬದ ಪಕ್ಕ ಒಂದು ಸ್ಟಿಕರ್ ಇರುತ್ತದೆ. ಮಾಡೆಲ್, ಸೀರಿಯಲ್ ನಂಬರ್, ಗ್ಯಾಸಿನ ಹೆಸರು, ಎಷ್ಟು ಗ್ರಾಂ ಅನ್ನುವುದೆಲ್ಲ ಅದರಲ್ಲಿರುತ್ತದೆ. ಗ್ಯಾಸಿನ ಹೆಸರೇ ಫ್ರಿಜ್ಜಿನ ಕಾಲ ಹೇಳುತ್ತದೆ.

ಆರ್-12 ಅಂತ ಇದ್ದರೆ ಅದು ತುಂಬಾ ಹಳೆಯದು. ಆಕಾಶದ ಓಝೋನ್ ಪದರವನ್ನು ತಿನ್ನುವ ಗ್ಯಾಸ್ ಅದು. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಜಗತ್ತು ಒಂದೊಂದಾಗಿ ಬಿಟ್ಟದ್ದು. ಭಾರತ 1992ರಲ್ಲಿ ಆ ಒಪ್ಪಂದಕ್ಕೆ ಸೇರಿತು. 2003ರ ಜನವರಿಯಿಂದ ಇಲ್ಲಿ ಹೊಸ ಫ್ರಿಜ್‌ಗಳಲ್ಲಿ ಅದನ್ನು ಬಳಸುವಂತಿಲ್ಲ ಎಂದಾಯಿತು. ಇಂಥ ಫ್ರಿಜ್ಜಿನ ಗ್ಯಾಸ್ ಖಾಲಿಯಾದರೆ ಮತ್ತೆ ತುಂಬಿಸುವ ಯೋಚನೆ ಬಿಡಿ.

ಆರ್-134ಎ ಅದರ ನಂತರದ ಪೀಳಿಗೆ. ಓಝೋನ್‌ಗೆ ತೊಂದರೆ ಇಲ್ಲ, ಆದರೆ ಭೂಮಿ ಬಿಸಿ ಮಾಡುವುದರಲ್ಲಿ ಜೋರು. ಒಂದು ಕಿಲೋ ಗಾಳಿಗೆ ಬಿಟ್ಟರೆ ನೂರು ವರ್ಷದ ಲೆಕ್ಕದಲ್ಲಿ ಸಾವಿರದ ಮುನ್ನೂರು ಕಿಲೋಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಬಿಟ್ಟ ಹಾಗೆ. ಇಂಥ ಫ್ರಿಜ್‌ಗಳು ಮನೆಗಳಲ್ಲಿ ಇನ್ನೂ ಬೇಕಾದಷ್ಟಿವೆ.

ಈಗ ಬರುವ ಮನೆ ಫ್ರಿಜ್‌ಗಳಲ್ಲಿ ಹೆಚ್ಚಾಗಿ ಆರ್-600ಎ, ಅಂದರೆ ಐಸೋಬ್ಯೂಟೇನ್. ಅಡುಗೆ ಸಿಲಿಂಡರಿನ ಗ್ಯಾಸಿನ ಹತ್ತಿರದ ನೆಂಟ. ಬಿಸಿ ಮಾಡುವ ಗುಣ ತೀರಾ ಕಡಿಮೆ, ಆದರೆ ಬೆಂಕಿ ಹತ್ತುತ್ತದೆ. ಒಂದು ಫ್ರಿಜ್ಜಿಗೆ ಕೆಲವೇ ಹತ್ತು ಗ್ರಾಂ ಸಾಕಾಗುವುದರಿಂದ ದಿನಬಳಕೆಯಲ್ಲಿ ಭಯಪಡಬೇಕಿಲ್ಲ. ರಿಪೇರಿ ಮಾಡುವವರು ಮಾತ್ರ ತಿಳಿದವರಾಗಿರಬೇಕು. ಗ್ಯಾಸ್ ಪೂರ್ತಿ ತೆಗೆಯದೆ ಬೆಸುಗೆಯ ಬೆಂಕಿ ಹಿಡಿಯುವ ಮೆಕ್ಯಾನಿಕ್ ಕೈಗೆ ಇದನ್ನು ಕೊಡಬೇಡಿ. 'ಇದ್ರಲ್ಲಿ ಯಾವ ಗ್ಯಾಸ್ ಇದೆ?' ಅಂತ ಅವರನ್ನೇ ಕೇಳಿ. ಪ್ಲೇಟ್ ನೋಡದೆ ಉತ್ತರ ಕೊಟ್ಟರೆ ಬೇರೆಯವರನ್ನು ಹುಡುಕಿ.

ಎಲ್ಲಿ ತಯಾರಾದದ್ದು ಅಂತ ಹೇಗೆ ಓದುವುದು

ಬಾಗಿಲಿನ ಮೇಲೆ ಹೊಳೆಯುವ ಹೆಸರಿನಿಂದ ಊರು ಗೊತ್ತಾಗುವುದಿಲ್ಲ. ಹೈಯರ್ ಚೀನಾದ ಕಂಪನಿ. ಆದರೆ ಅದು 2007ರಿಂದ ಪುಣೆ ಹತ್ತಿರದ ರಂಜನ್‌ಗಾಂವ್‌ನಲ್ಲಿ ಕಾರ್ಖಾನೆ ನಡೆಸುತ್ತಿದೆ. ಅದೇ ರಂಜನ್‌ಗಾಂವ್‌ನಲ್ಲಿ ಕೊರಿಯಾದ ಎಲ್‌ಜಿ ಇದೆ, ಅಮೆರಿಕದ ವರ್ಲ್‌ಪೂಲ್ ಇದೆ. ವರ್ಲ್‌ಪೂಲ್‌ನ ಇನ್ನೊಂದು ಫ್ರಿಜ್ ಕಾರ್ಖಾನೆ ಫರೀದಾಬಾದ್‌ನಲ್ಲಿದೆ. ಅದು ಹಿಂದೆ ಕೆಲ್ವಿನೇಟರ್‌ನದು. ಸ್ಯಾಮ್‌ಸಂಗ್‌ದು ನೋಯ್ಡಾ ಮತ್ತು ಚೆನ್ನೈ ಹತ್ತಿರದ ಶ್ರೀಪೆರಂಬುದೂರ್. ಟಾಟಾದವರ ವೋಲ್ಟಾಸ್ ಟರ್ಕಿಯ ಕಂಪನಿಯೊಂದಿಗೆ ಸೇರಿ ವೋಲ್ಟಾಸ್ ಬೆಕೋ ಹೆಸರಿನಲ್ಲಿ ಗುಜರಾತಿನ ಸಾನಂದ್‌ನಲ್ಲಿ ಮಾಡುತ್ತದೆ. ಗೋದ್ರೆಜ್ 1958ರಿಂದಲೂ ಫ್ರಿಜ್ ಮಾಡುತ್ತಿರುವ ಕಂಪನಿ. ಅದರ ಒಂದು ಕಾರ್ಖಾನೆ ಶಿರ್ವಾಳದಲ್ಲಿದೆ, ಇನ್ನೊಂದು ಮೊಹಾಲಿಯಲ್ಲಿ. ಬೆಳಗಾವಿ, ಕೊಲ್ಹಾಪುರ ದಾಟಿ ಪುಣೆಗೆ ಹೋಗುವ ಹೆದ್ದಾರಿಯಲ್ಲೇ, ಸಾತಾರಾ ಆದ ಮೇಲೆ ಶಿರ್ವಾಳ ಸಿಗುತ್ತದೆ.

ಹೆಸರು ಒಬ್ಬರದು, ಮಾಲು ಇನ್ನೊಬ್ಬರದು ಆಗಿರುವುದೂ ಉಂಟು. ಬಿಪಿಎಲ್ ಅಂದರೆ ನಮ್ಮಲ್ಲಿ ಹಲವರಿಗೆ ಬೆಂಗಳೂರಿನ ಟಿವಿ ಕಂಪನಿ ಅಂತಲೇ ನೆನಪು. ಈಗ ಆ ಹೆಸರಿನ ಸಾಮಾನು ರಿಲಯನ್ಸ್ ಮಳಿಗೆಗಳಲ್ಲಿ ಸಿಗುತ್ತದೆ. ಕೆಲ್ವಿನೇಟರ್ ಹೆಸರನ್ನೂ 2025ರಲ್ಲಿ ರಿಲಯನ್ಸ್ ಕೊಂಡುಕೊಂಡಿತು. ಅಪ್ಪನ ಕಾಲದಲ್ಲಿ ಚೆನ್ನಾಗಿತ್ತು ಅಂತ ಅದೇ ಹೆಸರು ಹುಡುಕಿಕೊಂಡು ಹೋಗುವವರು ಈ ವಿಷಯ ತಿಳಿದಿರಬೇಕು. ಹಳೇ ಹೆಸರಿನ ಹಿಂದೆ ಹಳೇ ಕಾರ್ಖಾನೆ ಇಲ್ಲ. ಹೊಸ ಮಾಲು ಚೆನ್ನಾಗಿಲ್ಲ ಅಂತ ಇದರ ಅರ್ಥವಲ್ಲ. ಹಳೇ ನಂಬಿಕೆಯನ್ನು ಹೊಸ ಮಾಲಿಗೆ ಹಾಗೇ ಹಚ್ಚಬೇಡಿ ಅಷ್ಟೇ.

ಹಾಗಾದರೆ ನೋಡುವುದು ಎಲ್ಲಿ? ಡಬ್ಬದ ಮೇಲಿನ ಬಿಳಿ ಚೀಟಿಯಲ್ಲಿ. 2011ರ ಪ್ಯಾಕ್ ಮಾಡಿದ ಸರಕುಗಳ ನಿಯಮದ ಪ್ರಕಾರ ಅದರಲ್ಲಿ ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ, ತಿಂಗಳು ವರ್ಷ, ಗರಿಷ್ಠ ಬೆಲೆ, ದೂರು ಹೇಳುವ ನಂಬರ್ ಇರಲೇಬೇಕು. ಹೊರದೇಶದ್ದಾದರೆ ಯಾವ ದೇಶ ಅಂತಲೂ ಇರಬೇಕು. ಇಲ್ಲಿ ಮೂರು ಇಂಗ್ಲಿಷ್ ಸಾಲುಗಳನ್ನು ಬೇರೆ ಬೇರೆ ಮಾಡಿ ಓದಿ. 'ಮ್ಯಾನುಫ್ಯಾಕ್ಚರ್ಡ್ ಬೈ' ಅಂದರೆ ಮಾಡಿದವರು. 'ಮಾರ್ಕೆಟೆಡ್ ಬೈ' ಅಂದರೆ ಮಾರುವವರು. ಆ ವಿಳಾಸ ಮುಂಬೈಯದೋ ಗುರುಗ್ರಾಮದ್ದೋ ಆಫೀಸ್ ಆಗಿರಬಹುದು, ಕಾರ್ಖಾನೆ ಅಲ್ಲ. 'ಇಂಪೋರ್ಟೆಡ್ ಬೈ' ಅಂತ ಇದ್ದರೆ ಹಡಗಿನಲ್ಲಿ ಬಂದದ್ದು. ಒಂದೇ ಕಂಪನಿಯ ಸಣ್ಣ ಫ್ರಿಜ್ ಇಲ್ಲಿನದಾಗಿದ್ದು, ದೊಡ್ಡ ಸೈಡ್ ಬೈ ಸೈಡ್ ಮಾಡೆಲ್ ಹೊರಗಿನದಾಗಿರಬಹುದು. ಆದ್ದರಿಂದ ಕಂಪನಿಯ ಮಟ್ಟಿಗೆ ತೀರ್ಮಾನ ಬೇಡ, ಮಾಡೆಲ್ ಮಾಡೆಲ್ ನೋಡಿ. ಆನ್‌ಲೈನ್‌ನಲ್ಲಿ ಕೊಳ್ಳುವವರು ವಿವರಗಳ ಕೆಳಗೆ ತಯಾರಾದ ದೇಶ ಹುಡುಕಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅದನ್ನು ತೋರಿಸಬೇಕು.

ಐಎಸ್‌ಐ ಗುರುತು ಇದ್ದರೆ ಭಾರತದ್ದು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗೇನಿಲ್ಲ. ವಿದೇಶದ ಕಾರ್ಖಾನೆಗಳಿಗೂ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಆ ಗುರುತು ಹಾಕುವ ಪರವಾನಗಿ ಕೊಡುತ್ತದೆ. ಆದರೆ ಆ ಗುರುತಿನ ಜೊತೆ ಸಿಎಂ/ಎಲ್ ಅಂತ ಒಂದು ನಂಬರ್ ಇರುತ್ತದೆ. ಆ ಪರವಾನಗಿ ಕೊಡುವುದು ಕಾರ್ಖಾನೆಗೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಪರವಾನಗಿ ಯಾರ ಹೆಸರಲ್ಲಿದೆ, ವಿಳಾಸ ಯಾವುದು ಅಂತ ಬರುತ್ತದೆ. ಅಂಗಡಿಯಲ್ಲೇ ನಿಂತು ಮೊಬೈಲಿನಲ್ಲಿ ನೋಡಬಹುದು. ಸೇಲ್ಸ್‌ಮನ್ ಮುಖ ಸ್ವಲ್ಪ ಬದಲಾಗುತ್ತದೆ, ಪರವಾಗಿಲ್ಲ.

ಇಷ್ಟಾದ ಮೇಲೂ 'ಇಲ್ಲಿ ತಯಾರಾದದ್ದು' ಅಂದರೆ ಪೂರ್ತಿ ಇಲ್ಲಿನದು ಅಂತ ಅರ್ಥವಲ್ಲ. ಹೊರಮೈಯ ತಗಡು, ಪ್ಲಾಸ್ಟಿಕ್, ಗಾಜಿನ ತಟ್ಟೆಗಳು ಇಲ್ಲಿಯವಾಗಿದ್ದು ಕಂಪ್ರೆಸರ್ ಅಥವಾ ಎಲೆಕ್ಟ್ರಾನಿಕ್ ಬೋರ್ಡ್ ಹೊರಗಿನಿಂದ ಬಂದಿರಬಹುದು. ಸರ್ಕಾರ ತನ್ನ ಖರೀದಿಗೆ 2017ರಲ್ಲಿ ಮಾಡಿದ ಆದೇಶದಲ್ಲೂ ಮೊದಲ ದರ್ಜೆಯ ಸ್ಥಳೀಯ ಪೂರೈಕೆದಾರ ಅನ್ನಿಸಿಕೊಳ್ಳಲು ಶೇ 50ರಷ್ಟು ಇಲ್ಲಿನ ಮೌಲ್ಯ ಇದ್ದರೆ ಸಾಕು. ಕಂಪ್ರೆಸರ್ ಎಲ್ಲಿಯದು ಅಂತ ತಿಳಿಯಬೇಕಾದರೆ ಅಂಗಡಿಯ ಡಿಸ್‌ಪ್ಲೇ ಪೀಸಿನ ಹಿಂದೆ ಬಗ್ಗಿ ನೋಡಿ. ಕಪ್ಪು ಗುಂಡಿನ ಮೇಲೆ ಅದರದ್ದೇ ಲೇಬಲ್ ಇರುತ್ತದೆ. ಕೆಲವು ಕಂಪನಿಗಳು ತಾವೇ ಮಾಡಿಕೊಳ್ಳುತ್ತವೆ. ಕೆಲವು ಬೇರೆಯವರಿಂದ ತರಿಸುತ್ತವೆ. ಹೈದರಾಬಾದಿನ ಬಾಲಾನಗರದಲ್ಲಿ ಕಂಪ್ರೆಸರ್ ಮಾಡುವ ದೊಡ್ಡ ಕಾರ್ಖಾನೆಯೇ ಇದೆ.

ನನ್ನ ಅಭಿಪ್ರಾಯ ಕೇಳಿದರೆ ಚೀಟಿಗಿಂತ ಒಂದು ಫೋನ್ ಕರೆ ಜಾಸ್ತಿ ಹೇಳುತ್ತದೆ. ಮಾಡೆಲ್ ನಂಬರ್ ಬರೆದುಕೊಂಡು ನಿಮ್ಮೂರಿನ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ. 'ಈ ಮಾಡೆಲ್‌ಗೆ ಬಾಗಿಲ ರಬ್ಬರ್, ಬೋರ್ಡ್ ಇದೆಯಾ? ತರಿಸಲು ಎಷ್ಟು ದಿನ?' ಅಂತ ಕೇಳಿ. ಶಿರಸಿಯಲ್ಲೋ ಸಿಂಧನೂರಿನಲ್ಲೋ ಇರುವವರಿಗೆ ಆ ಉತ್ತರವೇ ನಿಜವಾದ ಮೂಲ. ಇಲ್ಲೇ ತಯಾರಾಗುವ, ಸಾವಿರಾರು ಮನೆಗಳಲ್ಲಿರುವ ಸಾಮಾನ್ಯ ಮಾಡೆಲ್ಲಿಗೆ ಬಿಡಿಭಾಗ ಸಿಗುವುದು ಸುಲಭ. ಹೊರಗಿನಿಂದ ಬಂದ ಅಪರೂಪದ ಮಾಡೆಲ್ಲಿಗೆ ಒಂದು ಗಾಜಿನ ತಟ್ಟೆ ಒಡೆದರೂ ಕಾಯಬೇಕಾದೀತು.

ಕರಾವಳಿಯವರಿಗೆ, ಹೊರದೇಶದಿಂದ ಮರಳುವವರಿಗೆ ಒಂದು ಮಾತು. ಅಮೆರಿಕದ 110 ವೋಲ್ಟ್ ಫ್ರಿಜ್ಜನ್ನು ಸಾಮಾನಿನ ಜೊತೆ ತರಬೇಡಿ. ಟ್ರಾನ್ಸ್‌ಫಾರ್ಮರ್ ಇಟ್ಟು ವೋಲ್ಟೇಜ್ ಹೊಂದಿಸಬಹುದು, ಆದರೆ ಅಲ್ಲಿಯದು 60 ಹರ್ಟ್ಸ್, ಇಲ್ಲಿಯದು 50. ಮೋಟಾರಿಗೆ ಆ ವ್ಯತ್ಯಾಸ ಒಗ್ಗುವುದಿಲ್ಲ. ಸೌದಿಯಲ್ಲೂ 60 ಹರ್ಟ್ಸೇ.

ಸ್ಟಾರ್ ಎಣಿಸುವ ಮೊದಲು

ಎಷ್ಟು ಕರೆಂಟ್ ತಿನ್ನುತ್ತದೆ ಅಂತ ತೋರಿಸುವ ಬಿಇಇ (ಇಂಧನ ದಕ್ಷತಾ ಬ್ಯೂರೋ) ಸ್ಟಾರ್ ಚೀಟಿ 2006ರಲ್ಲಿ ಶುರುವಾಯಿತು. ಸ್ಟಾರ್‌ಗಳನ್ನು ಎಲ್ಲರೂ ನೋಡುತ್ತಾರೆ, ಅದರ ಕೆಳಗಿನ ಅಂಕಿಗಳನ್ನು ನೋಡುವವರು ಕಡಿಮೆ. ವರ್ಷಕ್ಕೆ ಎಷ್ಟು ಯೂನಿಟ್ ಅಂತ ಅಲ್ಲೇ ಇರುತ್ತದೆ. ಎರಡು ಮಾಡೆಲ್ ಹೋಲಿಸಲು ಆ ಅಂಕಿ ಸಾಕು. ವರ್ಷಕ್ಕೆ 190 ಯೂನಿಟ್ಟಿನ ಮೂರು ಸ್ಟಾರಿಗೂ 150ರ ನಾಲ್ಕು ಸ್ಟಾರಿಗೂ ವ್ಯತ್ಯಾಸ 40 ಯೂನಿಟ್, ಅಂದರೆ 240 ರೂಪಾಯಿ. ಅದಕ್ಕಾಗಿ ನಾಲ್ಕು ಸಾವಿರ ಜಾಸ್ತಿ ಕೊಡಬೇಕೇ ಅಂತ ನೀವೇ ಲೆಕ್ಕ ಹಾಕಿ.

ಚೀಟಿಯಲ್ಲಿ ವರ್ಷವನ್ನೂ ನೋಡಿ. ಸ್ಟಾರ್ ಕೊಡುವ ಅಳತೆಯನ್ನು ಆಗಾಗ ಬಿಗಿ ಮಾಡುತ್ತಾರೆ, 2023ರ ಜನವರಿಯಲ್ಲೂ ಮಾಡಿದರು. ಹಳೇ ಐದು ಸ್ಟಾರ್ ಹೊಸ ಅಳತೆಯಲ್ಲಿ ಕೆಳಗಿಳಿಯುತ್ತದೆ. ಗೋದಾಮಿನಲ್ಲಿ ಉಳಿದ ಹಳೇ ಸ್ಟಾಕ್ ಹಬ್ಬದ ರಿಯಾಯಿತಿಯಲ್ಲಿ ಹೊರಬರುವುದು ಹೀಗೇ. ತಗೊಳ್ಳಬಾರದು ಅಂತಿಲ್ಲ, ಬೆಲೆ ಇಳಿಸಿ ಕೇಳಿ.

ಲೀಟರ್ ಲೆಕ್ಕದಲ್ಲೂ ಎರಡು ಅಂಕಿ ಇರುತ್ತವೆ. ಒಟ್ಟು ಗಾತ್ರ ಒಂದು, ಸಾಮಾನಿಡಲು ಸಿಗುವ ಗಾತ್ರ ಇನ್ನೊಂದು. ಎರಡನೆಯದನ್ನು ನೋಡಿ. ಅದಕ್ಕಿಂತ ಮುಖ್ಯ, ಅಂಗಡಿಗೆ ಹೋಗುವ ಮೊದಲು ದೋಸೆ ಹಿಟ್ಟಿನ ಪಾತ್ರೆಯ ಎತ್ತರ ಅಳೆದುಕೊಳ್ಳಿ. ಹಿಟ್ಟು ಉಬ್ಬುವುದಕ್ಕೆ ಮೇಲೆ ನಾಲ್ಕು ಬೆರಳು ಜಾಗ ಬೇಕು. ಕೆಲವು ಫ್ರಿಜ್‌ಗಳಲ್ಲಿ ತಟ್ಟೆಯನ್ನು ಮೇಲೆ ಕೆಳಗೆ ಮಾಡಿದರೂ ಆ ಪಾತ್ರೆ ಹಿಡಿಯುವುದಿಲ್ಲ. ಮನೆಗೆ ಬಂದ ಮೇಲೆ ಗೊತ್ತಾದರೆ ಪಾತ್ರೆ ಬದಲಿಸಬೇಕು, ಅಮ್ಮ ಒಪ್ಪುವುದಿಲ್ಲ.

ಒಂದು ಬಾಗಿಲಿನದೋ ಎರಡೋ? ಮಲೆನಾಡಿನಂಥ ಕಡೆ, ಮಳೆಗಾಲದ ಮೊದಲ ಸಿಡಿಲಿಗೆ ಊರಿನ ಅರ್ಧ ಟಿವಿ ಸೆಟ್‌ಟಾಪ್ ಬಾಕ್ಸ್ ಹೋಗುವಲ್ಲಿ, ನಾನು ಇನ್ವರ್ಟರ್ ಕಂಪ್ರೆಸರಿನ (ಬೇಕಾದಂತೆ ವೇಗ ಬದಲಿಸಿಕೊಂಡು ಓಡುವ) ದೊಡ್ಡ ಫ್ರಿಜ್ ಬಗ್ಗೆ ಎರಡು ಸಲ ಯೋಚಿಸುತ್ತೇನೆ. ಅದು ಕರೆಂಟ್ ಕಡಿಮೆ ತಿನ್ನುತ್ತದೆ, ಸದ್ದೂ ಕಡಿಮೆ. ಆದರೆ ಅದರ ಜೀವ ಒಂದು ಎಲೆಕ್ಟ್ರಾನಿಕ್ ಬೋರ್ಡಿನಲ್ಲಿರುತ್ತದೆ. ಸಿಡಿಲಿಗೆ ಮೊದಲು ಬಲಿಯಾಗುವುದು ಅದೇ. ಇಂಥ ಕಡೆ ಬೋರ್ಡ್ ಇಲ್ಲದ ಸಾದಾ ಒಂದು ಬಾಗಿಲಿನ ಫ್ರಿಜ್, ಜೊತೆಗೊಂದು ಸ್ಟೆಬಿಲೈಸರ್ ಸಾಕು. ಗುಡುಗು ಶುರುವಾದಾಗ ಪ್ಲಗ್ ತೆಗೆಯಿರಿ. 'ಸ್ಟೆಬಿಲೈಸರ್ ಬೇಡವೇ ಬೇಡ' ಅಂತ ಬರೆದಿರುವ ಮಾಡೆಲ್‌ಗಳಿಗೂ ಎಷ್ಟರಿಂದ ಎಷ್ಟು ವೋಲ್ಟ್ ಅಂತ ಮಿತಿ ಇರುತ್ತದೆ, ಓದಿ. ಬೆಂಗಳೂರು, ಮೈಸೂರಿನಂಥ ಕಡೆ ಇನ್ವರ್ಟರ್ ಮಾಡೆಲ್ ಧೈರ್ಯವಾಗಿ ತಗೊಳ್ಳಿ.

ಅಂಗಡಿಯಲ್ಲಿ

ಎಕ್ಸ್‌ಚೇಂಜ್ ಮಾತು ಎತ್ತುವ ಮೊದಲು ಬರೀ ಹೊಸದರ ಕೊನೇ ಬೆಲೆ ಕೇಳಿ. ಬರೆದುಕೊಳ್ಳಿ. ಆಮೇಲೆ ಹಳೆಯದಕ್ಕೆ ಎಷ್ಟು ಅಂತ ಕೇಳಿ. ಎರಡನ್ನೂ ಒಟ್ಟಿಗೆ ಮಾತಾಡಿದರೆ ಎಂಆರ್‌ಪಿಯಿಂದ ಇಳಿಸಿದ ದುಡ್ಡನ್ನೇ ಎಕ್ಸ್‌ಚೇಂಜ್ ಅಂತ ತೋರಿಸಬಹುದು.

'ಕಂಪ್ರೆಸರಿಗೆ ಹತ್ತು ವರ್ಷ ವಾರಂಟಿ' ಅನ್ನುವುದನ್ನು ಚೂರು ಕೆದಕಿ. ಎಷ್ಟೋ ಕಡೆ ಅದು ಕಂಪ್ರೆಸರ್ ಅನ್ನುವ ಒಂದು ಭಾಗಕ್ಕೆ ಮಾತ್ರ. ಮೊದಲ ವರ್ಷದ ನಂತರ ಬದಲಿಸುವ ಕೂಲಿ, ಗ್ಯಾಸ್, ಸಾಗಾಟ, ಮನೆಗೆ ಬಂದ ಶುಲ್ಕ ನಿಮ್ಮದು. ಬೋರ್ಡಿಗೆ ಎಷ್ಟು ವರ್ಷ ಅಂತ ಬೇರೆ ಕೇಳಿ. ಬಾಯಿಮಾತು ಬೇಡ, ಬಿಲ್ಲಿನ ಮೇಲೆ ಬರೆಸಿ. ಜಿಎಸ್‌ಟಿ ಬಿಲ್, ಸೀರಿಯಲ್ ನಂಬರ್, ಡಬ್ಬದ ಬಿಳಿ ಚೀಟಿ ಮೂರರ ಫೋಟೋ ತೆಗೆದು ಮನೆಯವರಿಗೂ ಕಳಿಸಿಡಿ. ಮುಂದೆ ಏನಾದರೂ ತಕರಾರು ಬಂದು ಕಂಪನಿಯವರು ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಆಗ ಈ ಫೋಟೋಗಳು ಬೇಕಾಗುತ್ತವೆ.

ಮನೆಗೆ ಬಂದ ದಿನ

ಫ್ರಿಜ್ ನಿಂತೇ ಬರಲಿ. ಆಟೋದಲ್ಲಿ ಮಲಗಿಸಿ ತಂದಿದ್ದರೆ ಕೆಲವು ಗಂಟೆ ನಿಲ್ಲಿಸಿಟ್ಟು ಆಮೇಲೆ ಪ್ಲಗ್ ಹಾಕಿ. ಕಂಪ್ರೆಸರಿನ ಎಣ್ಣೆ ತನ್ನ ಜಾಗಕ್ಕೆ ಇಳಿಯಬೇಕು. ಗೋಡೆಯಿಂದ ಎಷ್ಟು ದೂರ ಇಡಬೇಕು ಅಂತ ಪುಸ್ತಕದಲ್ಲಿರುತ್ತದೆ, ಅಷ್ಟು ಬಿಡಿ. ಈಗಿನ ಫ್ರಿಜ್‌ಗಳಲ್ಲಿ ಹಲವು ಪಕ್ಕದ ಗೋಡೆಗಳಿಂದಲೇ ಬಿಸಿ ಬಿಡುತ್ತವೆ, ಮುಟ್ಟಿದರೆ ಬೆಚ್ಚಗಿರುತ್ತದೆ. ಕೆಟ್ಟಿದೆ ಅಂತ ಗಾಬರಿ ಬೇಡ. ಒಲೆ ಪಕ್ಕ, ಕಿಟಕಿಯ ಬಿಸಿಲು ಬೀಳುವಲ್ಲಿ ಬೇಡ. ಅರ್ಥಿಂಗ್ ಇರುವ ಸಾಕೆಟ್ ಇರಲಿ, ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಎರಡು ಮೂರು ಗಂಟೆ ಖಾಲಿ ಓಡಿಸಿ ಆಮೇಲೆ ತುಂಬಿಸಿ.

ಹಳೆಯದನ್ನು ಏನು ಮಾಡುವುದು

ಇನ್ನೂ ಓಡುತ್ತಿದ್ದರೆ ಯಾರಿಗಾದರೂ ಕೊಡಿ, ಆದರೆ ಅವರ ಮನೆಯ ಕರೆಂಟ್ ಬಿಲ್ಲಿನ ವಿಷಯವನ್ನೂ ಹೇಳಿ ಕೊಡಿ. ಅದನ್ನೇ ಎರಡನೇ ಫ್ರಿಜ್ ಅಂತ ಹಿಂದಿನ ಕೋಣೆಯಲ್ಲಿ ಓಡಿಸುವುದಂತೂ ಬೇಡ. ಹೊಸದರಲ್ಲಿ ಉಳಿಸಿದ ಯೂನಿಟ್ಟೆಲ್ಲ ಅಲ್ಲಿ ಹೋಗುತ್ತದೆ.

ಕೆಟ್ಟಿದ್ದರೆ ಗುಜರಿಯವರು ಬರುತ್ತಾರೆ. ಅವರಿಗೆ ಬೇಕಾಗಿರುವುದು ಕಂಪ್ರೆಸರಿನ ತಾಮ್ರ, ಕಬ್ಬಿಣ, ತಗಡು. ಮೊದಲು ಕೊಳವೆ ಕತ್ತರಿಸುತ್ತಾರೆ, 'ಸುಯ್' ಅಂತ ಗ್ಯಾಸ್ ಗಾಳಿಗೆ ಹೋಗುತ್ತದೆ. ಆರ್-12 ಅಥವಾ ಆರ್-134ಎ ಆದರೆ ಅದರ ಹಾನಿ ಮೇಲೆ ಹೇಳಿದೆ. ಆರ್-600ಎ ಆದರೆ ಪಕ್ಕದಲ್ಲಿ ಬೀಡಿ ಹಚ್ಚಿದವರ ಗತಿ ಏನು? ಗೋಡೆಯೊಳಗಿನ ಹಳದಿ ಫೋಮ್ ಯಾರಿಗೂ ಬೇಡ. ಅದು ಎಲ್ಲೋ ಖಾಲಿ ಸೈಟಿನಲ್ಲಿ ಬಿದ್ದಿರುತ್ತದೆ, ಇಲ್ಲವೇ ಸುಡುತ್ತಾರೆ.

2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಲ್ಲಿ ಫ್ರಿಜ್ಜೂ ಸೇರಿದೆ. ಮಾರುಕಟ್ಟೆಗೆ ಬಿಟ್ಟ ಮಾಲಿನ ಲೆಕ್ಕಕ್ಕೆ ತಕ್ಕಂತೆ, ನೋಂದಾಯಿತ ಮರುಬಳಕೆದಾರರ ಮೂಲಕ ವಿಲೇವಾರಿ ಮಾಡಿಸುವುದು ಕಂಪನಿಯ ಹೊಣೆ. ಹಾಗಾಗಿ ಹೊಸದನ್ನು ಕೊಳ್ಳುವಾಗಲೇ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ 'ಹಳೆಯದನ್ನು ಒಯ್ಯುತ್ತೀರಾ, ಯಾವ ಮರುಬಳಕೆದಾರರಿಗೆ ಹೋಗುತ್ತದೆ?' ಅಂತ ಕೇಳಿ. ಕರ್ನಾಟಕದಲ್ಲಿ ಈ ಕೆಲಸಕ್ಕೆ ಹಳೇ ಇತಿಹಾಸವೇ ಇದೆ. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಮರುಬಳಕೆ ಘಟಕ 2005ರಲ್ಲಿ ಶುರುವಾದದ್ದು ಬೆಂಗಳೂರು ಹೊರವಲಯದ ದಾಬಸ್‌ಪೇಟೆಯಲ್ಲಿ. ನೋಂದಾಯಿತರು ಯಾರು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಇ-ತ್ಯಾಜ್ಯ ಪೋರ್ಟಲ್‌ನಲ್ಲಿ ನೋಡಬಹುದು. ಗುಜರಿಯವರು ಕೊಡುವ ದುಡ್ಡು ಇಲ್ಲಿ ಸಿಗದೆ ಹೋಗಬಹುದು, ಆ ಮನಸ್ಸು ಮಾಡಿಕೊಂಡೇ ಫೋನ್ ಮಾಡಿ.

ಯಾರಾದರೂ ಬಂದು ಒಯ್ಯುವವರೆಗೆ ಫ್ರಿಜ್ ಹೊರಗೆ ಇಡಬೇಕಾದರೆ ಬಾಗಿಲನ್ನು ಬಿಚ್ಚಿ ತೆಗೆದೇ ಇಡಿ. ಸ್ಕ್ರೂ ಡ್ರೈವರ್ ಇಲ್ಲದಿದ್ದರೆ ಬಾಗಿಲ ಬದಿ ಗೋಡೆಗೆ ಬರುವಂತೆ ಒತ್ತಿ ನಿಲ್ಲಿಸಿ. ಕಣ್ಣಾಮುಚ್ಚಾಲೆ ಆಡುವ ಮಕ್ಕಳು ಒಳಗೆ ಸೇರಿಕೊಂಡು ಬಾಗಿಲು ಎಳೆದುಕೊಂಡರೆ ಉಸಿರಾಡಲು ಗಾಳಿ ಇರುವುದಿಲ್ಲ. ಹಳೇ ಕಾಲದ ಕೊಂಡಿ ಬಾಗಿಲಾದರೆ ಒಳಗಿನಿಂದ ತೆಗೆಯುವುದಕ್ಕೂ ಆಗುವುದಿಲ್ಲ.